ಚೂರು ಬಿಗಿ, ಅಷ್ಟೇ

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ, ಇನ್ನೂ ಕಾಫಿ ಕೂಡ ಕುಡಿದಿರಲಿಲ್ಲ, ವಿಡಿಯೋ ಕಾಲ್ ಬಂತು. ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ನನ್ನ ರೂಮ್‌ಮೇಟ್ ಆಗಿದ್ದವನು. ಮೆಕ್ಯಾನಿಕಲ್ ಓದಿ, ಕೊನೆಗೆ ನನ್ನ ಹಾಗೇ ಸಾಫ್ಟ್‌ವೇರಿಗೆ ಬಂದು ಬಿದ್ದು, ಈಗ ಟೆಕ್ಸಾಸ್‌ನಲ್ಲಿ ಮನೆ, ಗ್ಯಾರೇಜು, ಸಾಲ ಎಲ್ಲ ಮಾಡಿಕೊಂಡಿದ್ದಾನೆ. ಅವನಿಗೆ ಅಲ್ಲಿ ಶುಕ್ರವಾರ ರಾತ್ರಿ. ಗ್ಯಾರೇಜಿನಲ್ಲಿ ಒಂದು ಬೆಂಚು, ಅದರ ಮೇಲೆ ಕೈಯಲ್ಲಿ ಒತ್ತುವ ಪ್ರೆಸ್ಸು, ಪುಟ್ಟ ತಕ್ಕಡಿ, ಡಿಜಿಟಲ್ ಕ್ಯಾಲಿಪರ್, ಪಕ್ಕದಲ್ಲಿ ಲ್ಯಾಪ್‌ಟಾಪು. ಲ್ಯಾಪ್‌ಟಾಪಿನಲ್ಲಿ, ಇನ್ನೇನಿರುತ್ತೆ, ಎಕ್ಸೆಲ್ ಶೀಟು.

ಅಮೆರಿಕದಲ್ಲಿ ಇದೊಂದು ಹವ್ಯಾಸ. ರೈಫಲ್ ಇಟ್ಟುಕೊಂಡವರು ಸುಟ್ಟ ಹಿತ್ತಾಳೆ ಕೊಳವೆಯನ್ನು ಎಸೆಯದೆ ಮನೆಗೆ ತಂದು, ಅದಕ್ಕೆ ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಬಾಯಿಗೆ ಹೊಸ ಗುಂಡು ಒತ್ತಿ, ತೋಟಾವನ್ನು ತಾವೇ ತಯಾರಿಸಿಕೊಳ್ತಾರೆ. ಸ್ವಂತ ಬಳಕೆಗಾದರೆ ಅಲ್ಲಿನ ಕೇಂದ್ರ ಸರ್ಕಾರದ ಲೈಸೆನ್ಸು ಬೇಕಿಲ್ಲ. ದುಡ್ಡು ಉಳಿಯುತ್ತೆ, ಗುರಿಯೂ ಚೆನ್ನಾಗಿ ಬರುತ್ತೆ ಅಂತಾರೆ. ತಪ್ಪೇನಿಲ್ಲ. ಸರಿಯಾಗಿ ಮಾಡುವವರು ಅಡಿಕೆ ಮಂಡಿಯ ಲೆಕ್ಕದ ಗುಮಾಸ್ತರಿಗಿಂತ ಕಟ್ಟುನಿಟ್ಟಾಗಿ ಮಾಡ್ತಾರೆ.

ಇವನು ಫೋನು ಮಾಡಿದ್ದು ಬೇರೆ ವಿಷಯಕ್ಕೆ. "ಲೋ, ಯಾರೋ ಹಳೇ ಸ್ಟಾಕು ಖಾಲಿ ಮಾಡ್ತಿದ್ರು. ಮುನ್ನೂರು ಗುಂಡು, ಪುಕ್ಸಟ್ಟೆ ರೇಟು. ತ್ರೀ ನಾಟ್ ತ್ರೀದು. ನನ್ನ ರೈಫಲ್ಲು ತ್ರೀ ನಾಟ್ ಏಯ್ಟು. ಅಳತೆ ಮಾಡ್ದೆ, ಬರೀ ಮೂರು ಥೌ ದಪ್ಪ ಇದೆ. ಚೂರು ಬಿಗಿ ಆಗುತ್ತೆ, ಅಷ್ಟೇ. ನಡೆಯುತ್ತೆ ಅಲ್ವಾ? ನಿಮ್ಮನೇಲಿ ಕೋವಿ ಇತ್ತಲ್ಲ, ಅದಕ್ಕೇ ಕೇಳ್ದೆ."

ಥೌ ಅಂದ್ರೆ ಇಂಚಿನ ಸಾವಿರದ ಒಂದು ಭಾಗ. ಮೂರು ಥೌ ಅಂದ್ರೆ 0.076 ಮಿಲಿಮೀಟರ್, ಹೆಚ್ಚುಕಡಿಮೆ ನಿಮ್ಮ ತಲೆಗೂದಲಿನ ದಪ್ಪ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಆ ಸಂಖ್ಯೆ ಅಲ್ಲ. "ಚೂರು ಬಿಗಿ, ಅಷ್ಟೇ" ಅನ್ನೋ ಮಾತು. ಇದೇ ಮಾತನ್ನು ನಾನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ.

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟ, ಕೆಳಗೆ ಒಂದಿಷ್ಟು ಗದ್ದೆ, ಮೇಲೆ ಕಾಡು. ಹಂದಿ, ಮಂಗ ಓಡಿಸೋಕೆ ಮನೆಯಲ್ಲಿ ಲೈಸೆನ್ಸಿನ ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಚರೆನೋ ಗುಂಡೋ ಹಾಕಿ, ಗಜದಲ್ಲಿ ಜಡಿದು, ಹಿಂದೆ ಕೇಪು ಇಟ್ಟು ಹೊಡೆಯೋದು. ಅಜ್ಜ ಮದ್ದು ಅಳೆಯೋಕೆ ಒಂದು ಬಿದಿರಿನ ಅಂಡೆ ಮಾಡಿಟ್ಟಿದ್ದರು. ಅದರಲ್ಲಿ ಒಂದು ಅಳತೆ, ಅದರ ಮೇಲೆ ಒಂದು ಚಿಟಿಕೆಯೂ ಇಲ್ಲ. ಗುಂಡು ಹಾಕಿದ ಮೇಲೆ ಗಜ ಎಷ್ಟು ಒಳಗೆ ಹೋಗಬೇಕು ಅನ್ನೋದಕ್ಕೂ ಗಜದ ಮೇಲೆ ಚಾಕುವಿನಿಂದ ಒಂದು ಗೀಟು ಕೊರೆದಿದ್ದರು. ಗೀಟು ಕಾಣಿಸಿದರೆ ಈಡು ಹೊಡೆಯೋ ಹಾಗಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಅಜ್ಜ ಹೋಗಿ ಎರಡು ವರ್ಷ ಆಗಿತ್ತು, ದೊಡ್ಡಪ್ಪ ಮನೆಯಲ್ಲೇ ಸೀಸ ಕರಗಿಸಿ ಗುಂಡು ಎರೆದಿದ್ದರು. ಅದು ಎಂದಿಗಿಂತ ಸ್ವಲ್ಪ ದಪ್ಪ ಬಂದಿತ್ತು. ಗದ್ದೆಗೆ ಹಂದಿ ಇಳಿದಿದೆ ಅಂತ ಕೂಗು ಬಿತ್ತು. ಗಜ ಹಾಕಿ ಜಡಿದರು, ಗುಂಡು ಮುಕ್ಕಾಲು ದಾರಿಗೆ ಹೋಗಿ ನಿಂತಿತು. ಗೀಟು ಕಾಣ್ತಿತ್ತು. ಇನ್ನೆರಡು ಸಲ ಜಡಿದು, ಸಾಕು ಅಂತ ಹೊರಟರು. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದಿತ್ತು. ಅಂಥ ಗುಂಡು ಗುಂಡಲ್ಲ, ನಳಿಗೆಗೆ ಹಾಕಿದ ಬೆಣೆ. ಕುದುರೆ ಎಳೆದಾಗ ನಳಿಗೆ ಸೀಳಿತು. ಎಡಗೈಯ ಎರಡು ಬೆರಳು ಪೂರ್ತಿ ಹೋಯ್ತು, ಮೂರನೆಯದು ಅರ್ಧ. ಆಸ್ಪತ್ರೆಯಿಂದ ಬಂದ ಮೇಲೆ ಕೇಳಿದವರಿಗೆಲ್ಲ ಒಂದೇ ಉತ್ತರ: "ಎಂತ ಇಲ್ಲ ಮಾರಾಯ, ಚೂರು ಬಿಗಿ ಇತ್ತು, ಅಷ್ಟೇ."

ಟೆಕ್ಸಾಸಿನ ರೈಫಲ್ ಬೇರೆ, ತೀರ್ಥಹಳ್ಳಿಯ ಕೇಪಿನ ಕೋವಿ ಬೇರೆ. ಒಪ್ತೀನಿ. ಒಂದರ ಕಥೆ ಇನ್ನೊಂದಕ್ಕೆ ಹಾಗೇ ಅಂಟಿಸೋಕಾಗಲ್ಲ. ಹಾಗಾಗಿ ರೈಫಲ್ಲಿನ ಲೆಕ್ಕವನ್ನೇ ಹಾಕೋಣ.

ಮೊದಲು ಹೆಸರಿನ ಮೋಸ. ನಮ್ಮ ಪೊಲೀಸರ ಹೆಗಲ ಮೇಲೆ ನೀವು ನೋಡಿರೋ ತ್ರೀ ನಾಟ್ ತ್ರೀ, ಅಂದ್ರೆ 0.303 ಇಂಚು. ಇನ್ನೊಂದು ತ್ರೀ ನಾಟ್ ಏಯ್ಟು, 0.308 ಇಂಚು. ಯಾವುದರ ಗುಂಡು ದಪ್ಪ? ಎಂಟರದ್ದು ಅಂತೀರಿ. ಅಲ್ಲ. ರೈಫಲ್ ನಳಿಗೆಯೊಳಗೆ ಸುರುಳಿಯಾಗಿ ಗಾಡಿ ಕೊರೆದಿರ್ತಾರೆ. ಗುಂಡು ತಿರುಗುತ್ತಾ ಹೋಗಲಿ ಅಂತ. ಹಾಗಾಗಿ ಒಳಗೆ ಎರಡು ಅಳತೆ: ದಿಬ್ಬದಿಂದ ದಿಬ್ಬಕ್ಕೆ ಒಂದು, ಗಾಡಿಯ ತಳದಿಂದ ತಳಕ್ಕೆ ಇನ್ನೊಂದು. ಇಂಗ್ಲಿಷರು ದಿಬ್ಬದ ಅಳತೆ ಹಿಡಿದು ಹೆಸರಿಟ್ಟರು, 0.303. ಆದರೆ ಅದರ ಗುಂಡು 0.311 ಇಂಚು. ಅಮೆರಿಕದವರು ತಮ್ಮದಕ್ಕೆ ಗಾಡಿಯ ಅಳತೆ ಹಿಡಿದರು, ಅದರ ಗುಂಡು ನಿಜವಾಗಿಯೂ 0.308. ಹೆಸರಿನಲ್ಲಿ ಚಿಕ್ಕದು, ಮೈಯಲ್ಲಿ ದಪ್ಪ. ಇನ್ನು 7.62 ಅನ್ನೋ ಹೆಸರಿನಲ್ಲಿ ನ್ಯಾಟೋದ್ದೊಂದು, ರಷ್ಯಾದ ಎರಡು ಬೇರೆ ಬೇರೆ ತೋಟಾ ಇವೆ. ನ್ಯಾಟೋ ಗುಂಡು ತೆಳು, ರಷ್ಯಾದ್ದು ಎರಡು ಮೂರು ಥೌ ದಪ್ಪ. ವೇರಿಯಬಲ್ ಹೆಸರು ನೋಡಿ ಒಳಗಿರೋ ವ್ಯಾಲ್ಯೂ ನಂಬಿದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇವನು ಹೆಸರಿಗೆ ಮೋಸ ಹೋಗಲಿಲ್ಲ, ಅಳತೆ ಮಾಡಿದ. ಅಲ್ಲಿಗೆ ಶಹಭಾಸ್. ಮುಂದೆ ನೋಡಿ.

ಈ ತೋಟಾದೊಳಗೆ ಒತ್ತಡ ಎಷ್ಟು ಗೊತ್ತಾ? ಅಮೆರಿಕದ ತಯಾರಕರ ಮಾನಕ ಸಂಸ್ಥೆ ಸಾಮಿ ಈ 0.308ಕ್ಕೆ ಇಟ್ಟಿರೋ ಗರಿಷ್ಠ ಮಿತಿ 62,000 ಪಿಎಸ್‌ಐ. ನಿಮ್ಮ ಅಡುಗೆಮನೆಯ ಕುಕ್ಕರು ವಿಸಿಲ್ ಹೊಡೆಯೋದು ಸುಮಾರು 15 ಪಿಎಸ್‌ಐಗೆ. ಅಂದ್ರೆ ನಾಲ್ಕು ಸಾವಿರ ಕುಕ್ಕರಿನ ಒತ್ತಡ, ಕಿರುಬೆರಳಿಗಿಂತ ಚಿಕ್ಕ ಹಿತ್ತಾಳೆ ಕೊಳವೆಯಲ್ಲಿ, ನಿಮ್ಮ ಕಣ್ಣಿನಿಂದ ಒಂದು ಗೇಣು ದೂರದಲ್ಲಿ. ಇದೆಲ್ಲ ಆಗೋದು ಒಂದೆರಡು ಮಿಲಿಸೆಕೆಂಡಿನಲ್ಲಿ. ಕುಕ್ಕರಿಗಾದರೂ ಸೇಫ್ಟಿ ವಾಲ್ವ್ ಇರುತ್ತೆ. ಇಲ್ಲಿ ಒತ್ತಡ ಹೊರಗೆ ಹೋಗೋಕೆ ಇರೋ ಸರಿಯಾದ ದಾರಿ ಒಂದೇ: ಗುಂಡು ಮುಂದಕ್ಕೆ ಜರುಗಿ ಜಾಗ ಬಿಡಬೇಕು.

ಆಧುನಿಕ ಮದ್ದಿನ ಗುಣ ಇನ್ನೊಂದಿದೆ. ಒತ್ತಡ ಹೆಚ್ಚಿದಷ್ಟೂ ಅದು ಬೇಗ ಉರಿಯುತ್ತೆ. ಬೇಗ ಉರಿದಷ್ಟೂ ಒತ್ತಡ ಹೆಚ್ಚುತ್ತೆ. ಗುಂಡು ಹೊರಡೋದಕ್ಕೆ ಸ್ವಲ್ಪ ತಡ ಮಾಡಿದರೂ ಈ ಲೂಪಿನ ಲೆಕ್ಕ ಬದಲಾಗುತ್ತೆ. ಅದಕ್ಕೇ "ಮೂರು ಥೌ ಜಾಸ್ತಿ ಆದ್ರೆ ಒತ್ತಡ ಒಂದು ಪರ್ಸೆಂಟ್ ಜಾಸ್ತಿ ಆಗುತ್ತೆ" ಅನ್ನೋ ಥರದ ನೇರ ಲೆಕ್ಕ ಇಲ್ಲಿ ನಡೆಯಲ್ಲ. ಎಕ್ಸೆಲ್ಲಿನಲ್ಲಿ ಕೆಳಗಡೆಗೆ ಎಳೆದ ಫಾರ್ಮುಲಾ ಅಲ್ಲ ಇದು.

ದಪ್ಪ ಗುಂಡು ಸಿಕ್ಕಿಹಾಕಿಕೊಳ್ಳೋ ಜಾಗ ಎರಡು. ಒಂದು ಎಲ್ಲರಿಗೂ ಹೊಳೆಯೋದು: ನಳಿಗೆ. ತಾಮ್ರದ ಮಿಶ್ರಲೋಹದ ಕವಚ ಹೊದ್ದ ಗುಂಡನ್ನು ಅದಕ್ಕಿಂತ ಕಿರಿದಾದ ಉಕ್ಕಿನ ದಾರಿಯೊಳಗೆ ಹಿಂಡಿ ತಳ್ಳಬೇಕು. ಎರಡನೆಯದು ಯಾರಿಗೂ ಹೊಳೆಯದ್ದು, ನನ್ನ ಪ್ರಕಾರ ನಿಜವಾಗಿ ಹೆದರಬೇಕಾದದ್ದು: ತೋಟಾದ ಕತ್ತು. ಗುಂಡನ್ನು ಹಿಡಿದಿರೋದು ಹಿತ್ತಾಳೆ ಕೊಳವೆಯ ಕತ್ತು. ಮದ್ದು ಹತ್ತಿಕೊಂಡಾಗ ಆ ಕತ್ತು ಕೂದಲೆಳೆಯಷ್ಟು ಹಿಗ್ಗಿ ಗುಂಡನ್ನು ಬಿಡಬೇಕು. ಹಿಗ್ಗೋಕೆ ಸುತ್ತ ಜಾಗ ಬೇಕಲ್ಲ? ಆ ಜಾಗ ಇರೋದೇ ಕೆಲವು ಥೌ. ಮೂರು ಥೌ ದಪ್ಪದ ಗುಂಡು ಕೂರಿಸಿದರೆ ಕತ್ತೂ ಹೊರಗಡೆಯಿಂದ ಮೂರು ಥೌ ದಪ್ಪ ಆಗುತ್ತೆ. ಜಾಗ ಪೂರ್ತಿ ಮುಗಿದರೆ ಕತ್ತಿಗೆ ಹಿಗ್ಗೋ ದಾರಿಯೇ ಇಲ್ಲ. ಉಕ್ಕಿನ ಗೋಡೆ ಹೊರಗಿಂದ, ಹಿತ್ತಾಳೆ ನಡುವೆ, ಗುಂಡು ಒಳಗೆ. ಮದ್ದು ಉರೀತಾ ಇದೆ, ಗುಂಡು ಬಿಡ್ತಾ ಇಲ್ಲ.

ಇಂಥ ತೋಟಾ ರೈಫಲ್ಲಿಗೆ ಹೋಗೋದೇ ಇಲ್ಲ, ಬೋಲ್ಟ್ ಮುಚ್ಚೋದೇ ಇಲ್ಲ ಅಂದ್ರೆ ನಿಮ್ಮ ಪುಣ್ಯ. ದುರದೃಷ್ಟ ಅಂದ್ರೆ ಬೋಲ್ಟಿನ ಹಿಡಿಯನ್ನು ಅಂಗೈಯಿಂದ ಸ್ವಲ್ಪ ಜೋರಾಗಿ ಒತ್ತಿದರೆ ಅದು ಮುಚ್ಚಿಕೊಂಡುಬಿಡುತ್ತೆ. ಆ ಬಿಗಿಯೇ ಎಚ್ಚರಿಕೆ. ನಮ್ಮ ಕೈಗೆ ಅದು ಅಡ್ಡಿ ಅನ್ನಿಸುತ್ತೆ, ಎಚ್ಚರಿಕೆ ಅನ್ನಿಸಲ್ಲ. ದೊಡ್ಡಪ್ಪನಿಗೂ ಗಜದ ಗೀಟು ಕಾಣ್ತಾನೇ ಇತ್ತು.

ಒತ್ತಡ ಮಿತಿ ಮೀರಿದರೆ ಮೊದಲು ಸೋಲೋದು ಉಕ್ಕಲ್ಲ, ಹಿತ್ತಾಳೆ. ಕೊಳವೆಯ ಹಿಂಭಾಗ ಹರಿದರೆ ಕಾದ ಗಾಳಿ ಮುಂದೆ ಹೋಗೋ ಬದಲು ಬೋಲ್ಟಿನ ಸಂದಿಯಿಂದ ಹಿಂದಕ್ಕೆ ಬರುತ್ತೆ. ಹಿಂದೆ ಇರೋದು ನಿಮ್ಮ ಕೆನ್ನೆ ಮತ್ತು ಕಣ್ಣು.

ಇದನ್ನೆಲ್ಲ ಹೇಳಿದೆ. ಅವನು ಸುಮ್ಮನಿರ್ತಾನಾ? ಇಂಜಿನಿಯರು. ಒಂದೊಂದಾಗಿ ವಾದ ತೆಗೆದ.

ಒಂದನೇ ವಾದ: "ಸೀಸದ ಗುಂಡನ್ನು ಒಂದೆರಡು ಥೌ ದಪ್ಪನೇ ಹಾಕಬೇಕು ಅಂತ ಎಲ್ಲ ಕಡೆ ಬರೆದಿದ್ದಾರೆ." ಬರೆದಿದ್ದಾರೆ, ಸರಿಯಾಗೇ ಬರೆದಿದ್ದಾರೆ. ಬರೀ ಸೀಸದ ಎರಕದ ಗುಂಡು ಮೆತ್ತಗಿರುತ್ತೆ, ಸ್ವಲ್ಪ ದಪ್ಪ ಇದ್ದರೆ ನಳಿಗೆಗೆ ಸರಿಯಾಗಿ ಕೂತು ಗಾಳಿ ಸೋರದ ಹಾಗೆ ತಡೆಯುತ್ತೆ. ಅದನ್ನು ಹೊಡೆಯೋದು ಸಾಮಾನ್ಯವಾಗಿ ಕಮ್ಮಿ ಒತ್ತಡದಲ್ಲಿ, ಅದಕ್ಕೆಂದೇ ಕೊಟ್ಟ ಬೇರೆ ಅಳತೆಯ ಮದ್ದಿನಲ್ಲಿ. ಅಲ್ಲೂ ಕತ್ತಿಗೆ ಜಾಗ ಇದೆಯಾ ಅಂತ ನೋಡಿಯೇ ಹೊಡೆಯೋದು. ಆ ಉತ್ತರವನ್ನು ತಾಮ್ರದ ಕವಚದ ಗುಂಡಿಗೆ, ಪೂರ್ತಿ ಒತ್ತಡದ ಮದ್ದಿಗೆ ಅಂಟಿಸೋದು, ಯಾರದೋ ಪ್ರಶ್ನೆಗೆ ಕೊಟ್ಟ ಕೋಡನ್ನು ನಮ್ಮ ಪ್ರೊಡಕ್ಷನ್ನಿಗೆ ಕಾಪಿ ಮಾಡಿದ ಹಾಗೆ. ಕಂಪೈಲ್ ಆಗುತ್ತೆ. ಅಷ್ಟೇ.

ಎರಡನೇ ವಾದ: "ಎಷ್ಟೋ ಜನ ಹೊಡೆದಿದ್ದಾರೆ, ಏನೂ ಆಗಿಲ್ಲ." ಈ ವಾದಕ್ಕೆ ಅಮೆರಿಕದಲ್ಲಿ ಒಂದು ಪ್ರಸಿದ್ಧ ಸಾಕ್ಷಿಯೇ ಇದೆ. ಮಹಾಯುದ್ಧದ ನಂತರ ಜಪಾನಿನ 6.5 ಮಿಲಿಮೀಟರಿನ ಅರಿಸಾಕಾ ರೈಫಲ್ಲುಗಳು ಅಲ್ಲಿಗೆ ಬಂದವು. ಯಾರೋ ಒಬ್ಬ ಅದರ ತೋಟಾ ಕೂರೋ ಜಾಗವನ್ನು ಅಮೆರಿಕದ ಥರ್ಟಿ ನಾಟ್ ಸಿಕ್ಸ್ ತೋಟಾಗೆ ಸರಿಯಾಗಿ ಕೊರೆದ, ನಳಿಗೆಯನ್ನು ಮಾತ್ರ ಹಾಗೇ ಬಿಟ್ಟ. ಅಂದ್ರೆ ನಲವತ್ತಕ್ಕೂ ಹೆಚ್ಚು ಥೌ ದಪ್ಪದ ಗುಂಡು ಆ ಸಣ್ಣ ನಳಿಗೆಯಲ್ಲಿ ಹಿಂಡಿಕೊಂಡು ಹೋಗಬೇಕು. ಹೋಯ್ತು! ಜಿಂಕೆಯನ್ನೂ ಹೊಡೆದನಂತೆ. ಭುಜಕ್ಕೆ ಒದೆ ಜಾಸ್ತಿ ಅನ್ನೋದು ಬಿಟ್ಟರೆ ದೂರೇ ಇರಲಿಲ್ಲವಂತೆ. ನೋಡು, ನಲವತ್ತಕ್ಕೆ ಏನೂ ಆಗಲಿಲ್ಲ, ಮೂರು ಯಾವ ಲೆಕ್ಕ ಅಂತ ಇವನ ಪ್ರಶ್ನೆ.

ಕಥೆಯನ್ನು ಪೂರ್ತಿ ಓದಬೇಕು ಸ್ವಾಮಿ. ಅವನು ತೋಟಾ ಕೂರೋ ಜಾಗವನ್ನು ಹೊಸ ತೋಟಾದ ಅಳತೆಗೇ ಕೊರೆದಿದ್ದ. ಹಾಗಾಗಿ ಕತ್ತಿಗೆ ಹಿಗ್ಗೋಕೆ ಜಾಗ ಇತ್ತು, ಗುಂಡು ಹೊರಟಿತು. ಹಿಂಡಿದ್ದು ನಳಿಗೆ ಮಾತ್ರ. ಅರಿಸಾಕಾದ ಉಕ್ಕಿನ ಗಟ್ಟಿತನವೂ ಹೆಸರಾದದ್ದು. ನೀನು ಮಾಡ್ತಿರೋದು ಅದಕ್ಕೆ ತದ್ವಿರುದ್ಧ: ನಳಿಗೆಯಲ್ಲಿ ಮೂರೇ ಥೌ, ಕತ್ತಿನಲ್ಲೂ ಅದೇ ಮೂರು ಥೌ. ಅವನನ್ನು ಉಳಿಸಿದ್ದು ಯಾವುದೋ, ಅದು ನಿನ್ನ ಹತ್ತಿರ ಇಲ್ಲ. ಇನ್ನೊಂದು ಮಾತು: ಬದುಕಿ ಬಂದವರ ಕಥೆ ನೂರು ಬಾಯಲ್ಲಿ ಹರಡುತ್ತೆ. ಕೈ ಕಳೆದುಕೊಂಡವರು ಎಷ್ಟು ಜನ ಊರೂರು ತಿರುಗಿ ಹೇಳ್ತಾರೆ? ನಮ್ಮ ದೊಡ್ಡಪ್ಪನೂ ಹೇಳಲಿಲ್ಲ.

ಮೂರನೇ ವಾದ, ನನಗೆ ನಿಜವಾಗಿ ಸಿಟ್ಟು ಬರಿಸಿದ್ದು: "ಸೇಫ್ಟಿ ಮಾರ್ಜಿನ್ ಇಟ್ಟೇ ಇರ್ತಾರೆ ಗುರೂ."

ಇಟ್ಟಿರ್ತಾರೆ. ಯುರೋಪಿನ ಮಾನಕದ ಪ್ರಕಾರ ಹೊಸ ರೈಫಲ್ಲನ್ನು ಗರಿಷ್ಠಕ್ಕಿಂತ 25 ಪರ್ಸೆಂಟ್ ಹೆಚ್ಚು ಒತ್ತಡದ ತೋಟಾ ಹೊಡೆದು ಪರೀಕ್ಷೆ ಮಾಡ್ತಾರೆ. ಪರೀಕ್ಷಾಲಯದಲ್ಲಿ, ಯಾರ ಕೆನ್ನೆಯೂ ಹತ್ತಿರ ಇಲ್ಲದಾಗ. ಅದು ದಿನಾ ತಿನ್ನೋಕೆ ಕೊಟ್ಟ ರೇಷನ್ ಅಲ್ಲ. ಆ ಮಾರ್ಜಿನ್ ಇರೋದು ನಿನಗೆ ಗೊತ್ತಿಲ್ಲದೇ ಆಗೋ ತಪ್ಪುಗಳಿಗೆ. ತಕ್ಕಡಿ ಸ್ವಲ್ಪ ಆಚೀಚೆ ತೋರಿಸೋದಕ್ಕೆ. ಒಂದು ಕಂಪನಿಯ ಹಿತ್ತಾಳೆ ತೆಳು, ಇನ್ನೊಂದರದ್ದು ದಪ್ಪ ಇರೋದಕ್ಕೆ. ಡಿಸೆಂಬರಿನ ಚಳಿಯಲ್ಲಿ ಸರಿಯಾಗಿದ್ದ ತೋಟಾ ಟೆಕ್ಸಾಸಿನ ಆಗಸ್ಟ್ ಬಿಸಿಲಲ್ಲಿ ಹೆಚ್ಚು ಒತ್ತಡ ಕೊಡೋದಕ್ಕೆ. ಈ ಲೆಕ್ಕಗಳಿಗೆಲ್ಲ ಅದನ್ನು ಆಗಲೇ ಖರ್ಚು ಮಾಡಿ ಆಗಿದೆ. ಉಳಿದ ಚಿಲ್ಲರೆ ಎಷ್ಟು ಅಂತ ನಿನಗೆ ಗೊತ್ತಿಲ್ಲ, ಯಾಕಂದ್ರೆ ನಿನ್ನ ಗ್ಯಾರೇಜಿನಲ್ಲಿ ಒತ್ತಡ ಅಳೆಯೋ ಯಂತ್ರ ಇಲ್ಲ. ಪ್ರೈಮರ್ ಚಪ್ಪಟೆ ಆಗಿದೆಯಾ, ಬೋಲ್ಟ್ ಎತ್ತೋಕೆ ಬಿಗಿ ಆಗಿದೆಯಾ ಅಂತ ನೋಡ್ತೀಯ. ಆ ಲಕ್ಷಣಗಳನ್ನು ನಂಬೋಕಾಗಲ್ಲ. ಕೆಲವು ಸಲ ಅವು ಕಾಣಿಸೋ ಹೊತ್ತಿಗೆ ಮಿತಿ ದಾಟಿ ಆಗಿರುತ್ತೆ. ಬೆಂಕಿ ಬಿದ್ದ ಮೇಲೆ ಬರೋ ಲಾಗ್ ಫೈಲು ಅದು.

ಕೈಯಲ್ಲಿ ತೋಟಾ ಮಾಡೋರಿಗೆ ಗುಂಡು ಮತ್ತು ಮದ್ದಿನ ಕಂಪನಿಗಳು ದಪ್ಪ ಮ್ಯಾನ್ಯುಯಲ್ ಕೊಡ್ತಾರೆ. ಇಂಥ ತೋಟಾ, ಇಂಥ ತೂಕದ ಗುಂಡು, ಇಂಥ ಮದ್ದು, ಇಷ್ಟರಿಂದ ಶುರು ಮಾಡಿ, ಇಷ್ಟಕ್ಕೆ ನಿಲ್ಲಿಸಿ. ಯಂತ್ರ ಇಟ್ಟು ಒತ್ತಡ ಅಳೆದು ಬರೆದ ಸಾಲುಗಳು. 0.308ರ ತೋಟಾದಲ್ಲಿ 0.311ರ ಗುಂಡು ಅನ್ನೋ ಜೋಡಿಗೆ ಅದರಲ್ಲಿ ಸಾಲೇ ಇಲ್ಲ. ಆ ಸಾಲನ್ನು ನಿನ್ನ ಎಕ್ಸೆಲ್ಲಿನಲ್ಲಿ ನೀನೇ ಬರೀತೀಯ, ನಿನ್ನ ಮುಖ ಇಟ್ಟು ಟೆಸ್ಟ್ ಮಾಡ್ತೀಯ.

ನನ್ನನ್ನು ಪುಕ್ಕಲ ಅನ್ನೋರಿಗೆ ಎರಡು ಚರಿತ್ರೆ ಹೇಳ್ತೀನಿ. ಜರ್ಮನಿಯ ಸೈನ್ಯ 1888ರಲ್ಲಿ ಒಂದು ರೈಫಲ್ ತಂತು, ಅದರ ಗುಂಡು 0.318 ಇಂಚು. 1905ರ ಹೊತ್ತಿಗೆ ಹೊಸ ಗುಂಡು ಬಂತು, 0.323. ಐದು ಥೌ ವ್ಯತ್ಯಾಸ. ತೋಟಾದ ಕೊಳವೆ ಹೆಚ್ಚುಕಡಿಮೆ ಒಂದೇ ಥರ. ಸೈನ್ಯದವರು "ನಡೆಯುತ್ತೆ ಬಿಡಿ" ಅನ್ನಲಿಲ್ಲ. ಹೊಸ ತೋಟಾಗೆ ಒಗ್ಗಿಸಿದ ಹಳೇ ರೈಫಲ್ಲುಗಳ ಮೇಲೆ ದೊಡ್ಡದಾಗಿ ಎಸ್ ಅಕ್ಷರದ ಮುದ್ರೆ ಒತ್ತಿದರು. ಆದರೂ ಒಗ್ಗಿಸದ ಹಳೇ ರೈಫಲ್ಲು ಯಾರ ಅಟ್ಟದ ಮೇಲಿದೆಯೋ ಯಾರಿಗೆ ಗೊತ್ತು? ಅದಕ್ಕೆ ಇವತ್ತಿಗೂ ಅಮೆರಿಕದ ಮಾನಕದಲ್ಲಿ ಆ ಎಂಟು ಮಿಲಿಮೀಟರಿನ ತೋಟಾದ ಮಿತಿ 35,000 ಪಿಎಸ್‌ಐ. ಯುರೋಪಿನಲ್ಲಿ ಎರಡು ಗುಂಡಿಗೂ ಬೇರೆ ಬೇರೆ ಹೆಸರು, ದಪ್ಪದ್ದಕ್ಕೆ 56,000ದ ಮೇಲೆ. ಐದು ಥೌ ಗೊಂದಲಕ್ಕೆ ಒಂದು ದೇಶದ ಕಾರ್ಖಾನೆಗಳು ನೂರು ವರ್ಷದ ಮೇಲೂ ತೋಟಾದ ಶಕ್ತಿ ಇಳಿಸಿಕೊಂಡು ಕೂತಿವೆ.

ಇನ್ನೊಂದು ನಮ್ಮದೇ. 1962ರ ಚೀನಾ ಯುದ್ಧದ ನಂತರ ನಮ್ಮ ಇಷಾಪುರದ ರೈಫಲ್ ಕಾರ್ಖಾನೆ ಹಳೇ ತ್ರೀ ನಾಟ್ ತ್ರೀ ವಿನ್ಯಾಸದಲ್ಲೇ 7.62 ನ್ಯಾಟೋ ತೋಟಾದ ರೈಫಲ್ ಮಾಡಿತು. ಹೊರಗಿಂದ ನೋಡಿದರೆ ಅದೇ ಅಣ್ಣ ತಮ್ಮ. ಆದರೆ ಹೊಸ ತೋಟಾದ ಒತ್ತಡ ಜಾಸ್ತಿ ಅಂತ ಉಕ್ಕನ್ನೇ ಬದಲಾಯಿಸಿದರು. ಯುದ್ಧ ಮುಗಿದ ಅವಸರ, ಕೈಯಲ್ಲಿ ದುಡ್ಡಿಲ್ಲದ ದೇಶ. ಆದರೂ "ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನಲಿಲ್ಲ.

ನೀವು ಕೇಳಬಹುದು, ಇಂದಿರಾನಗರದಲ್ಲಿ ಕೂತು ಸ್ಪ್ರಿಂಟ್ ಪ್ಲಾನಿಂಗ್ ಮಾಡೋ ನಮಗೆ ಇದೆಲ್ಲ ಯಾಕೆ ಅಂತ. ನಿಮ್ಮಲ್ಲಿ ಹೆಚ್ಚಿನವರು ಜೀವನದಲ್ಲಿ ಕೋವಿ ಮುಟ್ಟಲ್ಲ. ಆದರೆ ಆನ್‌ಸೈಟ್ ಹೋದ ನಮ್ಮ ಹುಡುಗರು ಇಂಥ ಹವ್ಯಾಸಕ್ಕೆ ಇಳಿಯೋದು ನಾನು ಈಗ ನೋಡ್ತಿದ್ದೀನಿ. ಇಳಿಯೋವಾಗ ನಮ್ಮ ಆಫೀಸಿನ ಚಾಳಿಯನ್ನೂ ಜೊತೆಗೆ ಒಯ್ತಾರೆ. ನಮ್ಮ ಕೆಲಸದಲ್ಲಿ ತಪ್ಪು ಮಾಡಿದರೆ ರೋಲ್‌ಬ್ಯಾಕ್ ಇದೆ. ಸರ್ವರು ಬಿದ್ದರೆ ರಾತ್ರಿ ಎರಡಕ್ಕೆ ಎದ್ದು ಏಳಿಸ್ತೀವಿ. ಹತ್ತು ಹದಿನೈದು ವರ್ಷ ಹೀಗೆ ಬದುಕಿದ ಮೇಲೆ, ಎಲ್ಲ ತಪ್ಪನ್ನೂ ವಾಪಸ್ ತಗೋಬಹುದು ಅನ್ನೋ ಭ್ರಮೆ ಮೈಗಂಟುತ್ತೆ. ಹಿತ್ತಾಳೆಗೆ, ಉಕ್ಕಿಗೆ, ಕಣ್ಣಿಗೆ ರೋಲ್‌ಬ್ಯಾಕ್ ಇಲ್ಲ.

ಅದೂ ಯಾವ ಉಳಿತಾಯಕ್ಕೆ? ನೂರು ಸರಿಯಾದ ಗುಂಡಿನ ಡಬ್ಬಿ ಅವನು ವಾರಾಂತ್ಯಕ್ಕೆ ಮನೆಮಂದಿಗೆಲ್ಲ ಹೋಟೆಲ್ ಊಟ ಕೊಡಿಸೋ ಖರ್ಚಿಗೆ ಬರುತ್ತೆ. ಆ ಮುನ್ನೂರು ಗುಂಡೇನೂ ಹಾಳಾಗಲ್ಲ. ತ್ರೀ ನಾಟ್ ತ್ರೀ ರೈಫಲ್ ಇರೋರಿಗೆ ಅವು ಬಂಗಾರ, ಮಾರಿಬಿಡಬಹುದು. ಇಷ್ಟು ಸುಲಭದ ದಾರಿ ಇದ್ದಾಗಲೂ "ಚೂರು ಬಿಗಿ, ಅಷ್ಟೇ" ಅನ್ನೋದು ಜಿಪುಣತನವೂ ಅಲ್ಲ. ನಾನು ಅಳತೆ ಮಾಡಬಲ್ಲೆ, ಹಾಗಾಗಿ ಅಳತೆ ನನ್ನ ಮಾತು ಕೇಳಬೇಕು ಅನ್ನೋ ಇಂಜಿನಿಯರನ ಜಂಬ.

ಅವತ್ತು ಅವನು "ನೀನು ಮೊದಲಿಂದಲೂ ಹೆದರುಪುಕ್ಕ" ಅಂದು ಫೋನ್ ಇಟ್ಟ. ಮೂರು ದಿನ ಬಿಟ್ಟು ಒಂದೇ ಒಂದು ಮೆಸೇಜು ಬಂತು: "ನಿಮ್ಮ ದೊಡ್ಡಪ್ಪನ ಗುಂಡು ಎಷ್ಟು ದಪ್ಪ ಇತ್ತು?"

ಊರಿಗೆ ಫೋನ್ ಮಾಡಿದೆ. ದೊಡ್ಡಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಎರಡೂವರೆ ಬೆರಳಿನ ಎಡಗೈಯಲ್ಲೇ ಈಗಲೂ ಅಡಿಕೆ ಸುಲೀತಾರೆ. ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, "ಯಾರಿಗೆ ಗೊತ್ತು ಮಾರಾಯ. ಅಳತೆ ಮಾಡೋಕೆ ನಮ್ಮ ಹತ್ರ ಎಂತ ಇತ್ತು?"

ಅದನ್ನೇ ಹಾಗೇ ಟೈಪ್ ಮಾಡಿ ಟೆಕ್ಸಾಸಿಗೆ ಕಳಿಸಿದೆ. ಕೆಳಗೆ ಒಂದು ಸಾಲು ಸೇರಿಸಿದೆ: ನಿನ್ನ ಹತ್ತಿರ ಕ್ಯಾಲಿಪರ್ ಇದೆ, ಅದು 0.311 ಅಂತ ಹೇಳಿ ಆಗಿದೆ. ಇನ್ನು ನನ್ನನ್ನು ಕೇಳೋದು ಏನಿದೆ?